ಏಳು ಮನೆತನಕ್ಕೆ ಒಂದೇ ಮನೆ

ಊರು ಬಿಟ್ಟು ಬಂದವನು ಊರಿನ ಮನೆಯ ಬಗ್ಗೆ ಮಾತಾಡುವಷ್ಟು ಅಲ್ಲೇ ಉಳಿದವನು ಮಾತಾಡುವುದಿಲ್ಲ. ಸೋರುವ ಮಾಡು, ಗೆದ್ದಲು ತಿಂದ ಬಾಗಿಲು ಅವನ ಕಣ್ಣೆದುರಿಗೇ ಇರುತ್ತವೆ. ನಮಗೆ ಆ ತೊಂದರೆ ಇಲ್ಲ. ಮದ್ರಾಸಿನ ಪೆರಂಬೂರಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಊರಿನ ಮನೆಯ ಫೋಟೋ ಒಂದು ತೂಗುತ್ತಿತ್ತು. ಕಪ್ಪುಬಿಳುಪಿನದು, ಅಂಚಿಗೆ ಸ್ವಲ್ಪ ಕಂದುಬಣ್ಣ ಹತ್ತಿದ್ದು. ಮನೆಗೆ ಬಂದವರನ್ನು ನಾನು ಮೊದಲು ಅದರ ಮುಂದೆ ನಿಲ್ಲಿಸುತ್ತಿದ್ದೆ. ನನ್ನ ಹೆಂಡತಿ ಮೈಸೂರಿನ ಕಡೆಯವಳು. ಲೋಟ ಹಿಡಿದುಕೊಂಡು ಬಂದು, "ಮೊದ್ಲು ಅವರು ಕಾಫಿ ಕುಡೀಲಿ, ನಿಮ್ಮ ಮನೆ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದಳು. ಆ ಮಾತು ಎಷ್ಟರ ಮಟ್ಟಿಗೆ ಸುಳ್ಳಾಯಿತೆಂದು ಹೇಳುವುದಕ್ಕೇ ಈಗ ಕುಳಿತಿದ್ದೇನೆ.

ಫೋಟೋದಲ್ಲಿ ಆರು ಕಂಬದ ಜಗಲಿ ಇದೆ. ಕೆಳಗೆ ಅಗಲವಾದ ಮೂರು ಮೆಟ್ಟಿಲು. ಮೆಟ್ಟಿಲಿನ ಮೇಲೆ ನಮ್ಮ ಮನೆತನವೆಲ್ಲ ಸಾಲಾಗಿ ನಿಂತಿದೆ. ನಡುವೆ ಕುರ್ಚಿಯಲ್ಲಿ ಅಜ್ಜ, ಎರಡೂ ಅಂಗೈಗಳನ್ನು ಕುರ್ಚಿಯ ಕೈಗಳ ಮೇಲೆ ಊರಿ, ಯಾರ ಮೇಲೋ ಕೋಪ ಮಾಡಿಕೊಂಡವರಂತೆ ಕೂತಿದ್ದಾರೆ. ಹಿಂದೆ ನಿಂತ ಸಪೂರ ಯುವಕನೇ ನನ್ನ ಅಪ್ಪ. ನಾನು ಇನ್ನೂ ಹುಟ್ಟಿರಲಿಲ್ಲ. ಅಪ್ಪನಿಗೆ ಇಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿ ನಾವು ಕುಂದಾಪುರದ ಕಡೆಯ ಆ ಸಣ್ಣ ಊರು ಬಿಟ್ಟಾಗ ನನಗೆ ಮೂರು ವರ್ಷ. ಆದರೂ ಆ ಮನೆ ನನಗೆ ಚೆನ್ನಾಗಿ ನೆನಪಿದೆ. ಒಳಗೊಂದು ಉಯ್ಯಾಲೆ ಇತ್ತು. ಜಗಲಿಯ ಕಲ್ಲು ಮಧ್ಯಾಹ್ನವೂ ತಣ್ಣಗಿರುತ್ತಿತ್ತು. ನನ್ನ ಹಣೆಯ ಮೇಲಿನ ಗಾಯದ ಗುರುತು ಆ ಮೆಟ್ಟಿಲಿನಿಂದ ಉರುಳಿದಾಗ ಆದದ್ದು. ನಂಬದವರಿಗೆ ನಾನು ಫೋಟೋದ ಎರಡನೆಯ ಮೆಟ್ಟಿಲು ತೋರಿಸಿ, ಆಮೇಲೆ ಹಣೆ ತೋರಿಸುತ್ತಿದ್ದೆ.

ಹೀಗಿರುವಾಗ ಊರಿನ ನಿವೃತ್ತ ಮಾಷ್ಟ್ರೊಬ್ಬರಿಂದ ವಾಟ್ಸ್ಯಾಪಿನಲ್ಲಿ ಸಂದೇಶ ಬಂತು. ಊರಿನ ಹಳೆಯ ಮನೆಗಳು, ಅಲ್ಲಿ ಬಾಳಿದ ಮನೆತನಗಳ ಕುರಿತು ಅವರೊಂದು ಪುಸ್ತಕ ಮಾಡುತ್ತಿದ್ದರು. ಒಂದು ಮನೆತನಕ್ಕೆ ಒಂದು ಪುಟ. ಮನೆಯ ಫೋಟೋ ಬೇಕು, ನಾಲ್ಕು ಮಾತು ಬರೆದು ಕಳಿಸಬೇಕು. ನಾನು ಫೋಟೋ ಕಳಿಸಿ, ನಾಲ್ಕು ಮಾತಿನ ಬದಲು ನಾಲ್ಕು ಹಾಳೆ ಬರೆದೆ. ಉಯ್ಯಾಲೆಯ ಸರಪಳಿಯ ಸದ್ದಿಗೇ ಅರ್ಧ ಹಾಳೆ ಹೋಯಿತು. ಅಜ್ಜನ ಹೆಸರು ಅಚ್ಚಿನಲ್ಲಿ ಬರುತ್ತದಲ್ಲ ಎಂಬ ಸಂತೋಷಕ್ಕೆ ಎರಡು ದಿನ ನನ್ನ ರಕ್ತದೊತ್ತಡವೂ ಸರಿಯಾಗಿತ್ತು.

ಮೂರನೆಯ ದಿನ ಮಾಷ್ಟ್ರ ಫೋನು ಬಂತು. "ಹೋಯ್, ಬೇಜಾರು ಮಾಡ್ಬೇಡಿ, ಈ ಮನೆ ನಮ್ಮದು ಅಂತ ಫೋಟೋ ಕಳಿಸಿದವರಲ್ಲಿ ನೀವು ಏಳನೆಯವರು" ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಉಳಿದ ಆರೂ ಫೋಟೋಗಳನ್ನು ಕಳಿಸಿದರು. ಅದೇ ಆರು ಕಂಬ, ಅದೇ ಮೂರು ಮೆಟ್ಟಿಲು. ಮೆಟ್ಟಿಲ ಮೇಲಿನ ಜನ ಮಾತ್ರ ಬೇರೆ ಬೇರೆ. ಮಾಷ್ಟ್ರು ವಿವರಿಸಿದರು: ಆ ಕಾಲದಲ್ಲಿ ಪೇಟೆಯಿಂದ ವರ್ಷಕ್ಕೊಮ್ಮೆ ಒಬ್ಬ ಫೋಟೋದವನು ಬರುತ್ತಿದ್ದ. ಮೂರು ಸಾಲು ಜನ ನಿಲ್ಲಲು ಅವನಿಗೆ ಮೆಟ್ಟಿಲು ಬೇಕು, ಬೆಳಗಿನ ಬಿಸಿಲು ಮುಖಕ್ಕೆ ಬೀಳಬೇಕು. ಊರಿನಲ್ಲಿ ಎರಡಕ್ಕೂ ಒದಗುವ ಮನೆ ಅದೊಂದೇ. ಹಾಗಾಗಿ ಎಲ್ಲರೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಸರದಿಯ ಮೇಲೆ ಬಂದು ಅದೇ ಮೆಟ್ಟಿಲ ಮೇಲೆ ನಿಂತು ಹೋದರು. "ಆ ಮನೆ ಯಾವಾಗ್ಲೋ ಬಿದ್ದುಹೋಯ್ತು, ಯಾರದ್ದು ಅಂತ ಹೇಳುವವರು ಇಲ್ಲಿ ಉಳಿದಿಲ್ಲ. ಏಳರಲ್ಲಿ ಯಾರದ್ದೋ ಒಬ್ಬರದ್ದು ಇರ್ಲೇಬೇಕಲ್ಲ. ಪುಸ್ತಕ ಮುಂದಿನ ವಾರ ಅಚ್ಚಿಗೆ ಹೋಗ್ತದೆ. ನೀವೇ ಸ್ವಲ್ಪ ವಿಚಾರಿಸಿ ಹೇಳಿ" ಎಂದು ಫೋನಿಟ್ಟರು.

ಅಂದಿನಿಂದ ನನ್ನ ತಲೆ ಕೆಟ್ಟುಹೋಯಿತು. ಉಯ್ಯಾಲೆ ಇತ್ತೋ ಇಲ್ಲವೋ? ಆ ಸರಪಳಿಯ ಸದ್ದು ನಾನು ಕೇಳಿದ್ದೋ, ಬರೆದದ್ದೋ? ಕನ್ನಡಿಯಲ್ಲಿ ಹಣೆ ನೋಡಿಕೊಂಡೆ. ಗುರುತು ಇತ್ತು. ಮೆಟ್ಟಿಲೂ ಇತ್ತು. ಆದರೆ ಉಳಿದ ಆರು ಮನೆತನಗಳಲ್ಲೂ ಯಾರಾದರೊಬ್ಬರು ಬಿದ್ದೇ ಇರುತ್ತಾರಲ್ಲ. ಮೊಮ್ಮಗಳು ಫೋಟೋ ನೋಡಿ, "ತಾತಾ, ಅಪ್ಪೊ ಇದು ನಮ್ಮ ವೀಡು ಇಲ್ಲೈಯಾ?" ಎಂದಳು. ಹಾಗಾದರೆ ಇದು ನಮ್ಮ ಮನೆಯಲ್ಲವೇ ಎಂದು. ಅವಳು ಕೇಳಿದ್ದು ತಮಿಳಿನಲ್ಲಿ. ನಾನು ಫೋಟೋದ ಒಂದೊಂದೇ ಮುಖ ನೋಡುತ್ತ ಹೋದೆ.

ಫೋಟೋದಲ್ಲಿರುವವರ ಪೈಕಿ ಬದುಕಿರುವವರು ಒಬ್ಬರೇ, ನನ್ನ ಸೋದರತ್ತೆ. ಅಜ್ಜನ ಕಾಲ ಬಳಿ ಎರಡು ಜಡೆ ಹಾಕಿ ಕೂತಿರುವ ಹುಡುಗಿ. ಈಗ ಇಲ್ಲೇ ಮದ್ರಾಸಿನ ಮಾಧವರಂನಲ್ಲಿ ಮಗನ ಮನೆಯಲ್ಲಿದ್ದಾರೆ. ಇಷ್ಟು ವರ್ಷ ಅವರನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಗೊತ್ತಿರುವುದನ್ನು ಯಾರಾದರೂ ಕೇಳುತ್ತಾರೆಯೇ? ಫೋನು ಮಾಡಿದೆ. ಹೆಂಡತಿ ಅದನ್ನು ಸ್ಪೀಕರಿಗೆ ಹಾಕಿ ಹಿಡಿದುಕೊಂಡಳು. ಅತ್ತೆ ಕೇಳಿದ್ದನ್ನು ನೋಡಿ ಹೇಳಲು ನಾನು ಫೋಟೋ ಇಳಿಸಲೆಂದು ನಮ್ಮ ಹತ್ತುವ ಕುರ್ಚಿಯ ಮೇಲೆ ಹತ್ತಿದೆ.

ಈ ಹತ್ತುವ ಕುರ್ಚಿಯ ಬಗ್ಗೆ ಒಂದು ಮಾತು. ಇದು ಅಪ್ಪನ ಕಾಲದ ಸಾಮಾನು. ಯಾವುದೋ ರೈಲ್ವೆ ಹರಾಜಿನಲ್ಲಿ ತಂದದ್ದಿರಬೇಕೆಂದು ನಾನೇ ತೀರ್ಮಾನಿಸಿದ್ದೆ. ಕ್ವಾರ್ಟರ್ಸಿನಿಂದ ಫ್ಲ್ಯಾಟಿಗೆ ಬಂದಾಗ ಅದು ಬಾಲ್ಕನಿಯ ಬಾಗಿಲಲ್ಲಿ ತೂರಲಿಲ್ಲ. ಹೆಂಡತಿ ಬೇಡ ಬೇಡ ಎನ್ನುತ್ತಿದ್ದಂತೆ ನಾನು ಗರಗಸ ತಂದು ಅದರ ಎರಡೂ ಕೈ ಕತ್ತರಿಸಿದೆ. ಬೆತ್ತ ಹರಿದಿದ್ದ ಜಾಗಕ್ಕೆ ಪ್ಲೈವುಡ್ ಬಡಿದೆ. ಫ್ಯಾನು ಒರೆಸಲು, ಬಲ್ಬು ಹಾಕಲು ಬಹಳ ಅನುಕೂಲವಾಯಿತು. ಕತ್ತರಿಸಿದ ಒಂದು ಕೈ ಹಳೇ ಸಾಮಾನಿನವನ ಗಾಡಿ ಸೇರಿತು. ಇನ್ನೊಂದನ್ನು ಹಾಲಿನ ಕಿಟಕಿ ಗಾಳಿಗೆ ಬಡಿಯದಂತೆ ಸಂದಿಗೆ ಸಿಕ್ಕಿಸಿದ್ದೇನೆ. ಅದರ ತುದಿಯಲ್ಲಿ ಸವೆದ ಒಂದು ಮೂತಿ ಇದೆ. ಮೊಮ್ಮಗಳು ಅದಕ್ಕೆ ನಾಯಿಮರಿ ಎನ್ನುತ್ತಾಳೆ.

ನಾನು ಮೇಲೆ ನಿಂತು ಫೋಟೋ ಕೈಗೆ ತೆಗೆದುಕೊಂಡು, "ಅತ್ತೆ, ಆರು ಕಂಬದ ನಮ್ಮ ಮನೆ" ಎಂದು ಶುರುಮಾಡಿದೆ.

"ಅದ್ ನಮ್ ಮನಿ ಅಂದೇಳಿ ನಿಂಗೆ ಯಾರ್ ಹೇಳದ್ದ್ ಮಾಣಿ?" ಎಂದರು ಅತ್ತೆ. "ಅದ್ ಡಾಕ್ಟ್ರ್ ಮನಿ. ನಮ್ದ್ ಹಿಂದಿನ್ ಓಣಿಯಂಗ್ ಎರಡ್ ಕೋಣಿ. ಈಗ ಅಲ್ಲಿ ಬಸ್ ಸ್ಟ್ಯಾಂಡ್ ಆಯ್ತ್."

"ಆದರೆ ಆ ಮೆಟ್ಟಿಲ ಮೇಲೆ ನಿಂತ ಏಳು ಮನೆತನದಲ್ಲಿ ಡಾಕ್ಟರ ಮನೆಯವರು ಇಲ್ಲವಲ್ಲ?"

"ಅವ್ರ್ ಅಲ್ಲಿ ಎಂತಕೆ ನಿಂತ್ಕಂತ್ರ್? ದೊಡ್ಡೋರ್. ಮಂಗ್ಳೂರ್ ಸ್ಟುಡಿಯೋಕ್ ಹೋಯಿ ಅರಮನಿ ಚಿತ್ರದ ಪರ್ದೆ ಎದ್ರಿಗ್ ಕೂಕಂತಿದ್ರ್."

ಅಂದರೆ ಊರಿಗೆಲ್ಲ ಇದ್ದ ಒಂದೇ ದೊಡ್ಡ ಮನೆಯವರಿಗೂ ಫೋಟೋಕ್ಕೆ ಬೇರೆ ಮನೆ ಬೇಕಾಗಿತ್ತು! ನನಗೆ ನಗು ಬಂತು. ಆದರೆ ನಮಗಿನ್ನು ಪುಸ್ತಕದಲ್ಲಿ ಪುಟ ಇಲ್ಲ. ಅಜ್ಜನ ಹೆಸರು ಎಲ್ಲೂ ಬರುವುದಿಲ್ಲ. "ಹಾಗಾದರೆ ಈ ಫೋಟೋದಲ್ಲಿ ನಮ್ಮದು ಅಂತ ಏನೂ ಇಲ್ಲವೇ ಅತ್ತೆ?" ಎಂದೆ. ನನ್ನ ದನಿ ಮೂರು ವರ್ಷದ ಮಗುವಿನದಾಗಿತ್ತು.

"ಇಲ್ದೇ ಎಂತ? ಕುರ್ಚಿ ನಮ್ದ್. ಮನಿ ಯಾರದ್ದಾರೂ ಆಯ್ಲಿ, ಕೂಕಂಬುದ್ ನಮ್ ಕುರ್ಚಿ ಮೇಲೇ ಆಯ್ಕ್ ಅಂದೇಳಿ ಅಪ್ಪಯ್ಯ ತಲಿ ಮೇಲ್ ಹೊತ್ಕಂಡ್ ಹೋಯಿದ್ರ್. ಅದ್ರ್ ಕೈಯಂಗ್ ಸಿಂಹದ್ ಮೋರಿ ಇತ್ತಲೆ, ಫೋಟೋದಂಗ್ ಕಾಂತಿಲ್ಲ, ಅಪ್ಪಯ್ಯನ್ ಕೈಯಡಿ ಹೋಯಿತ್ತ್. ನಿನ್ನಪ್ಪ ಮದ್ರಾಸಿಗ್ ಬಪ್ಪತಿಗೆ ರೈಲಂಗ್ ತಂದದ್ದ್ ಅದೊಂದೇ. ನಿನ್ನ್ ಹಣಿ ಒಡ್ದದ್ದೂ ಅದ್ರಿಂದ ಬಿದ್ದೇ, ಅಲ್ಲೇ ಪೆರಂಬೂರಂಗ್." ಆಮೇಲೆ ಕೇಳಿದರು: "ಆ ಕುರ್ಚಿ ಈಗ ಎಲ್ಲಿತ್ತ್ ಮಾಣಿ?"

ನಾನು ಕಿಟಕಿಯ ಕಡೆ ನೋಡಿದೆ. ಕಿಟಕಿಯ ಸಂದಿಯಿಂದ ಸಿಂಹ ನನ್ನನ್ನು ನೋಡಿತು. ಆಮೇಲೆ ನಿಧಾನವಾಗಿ ನನ್ನ ಕಾಲ ಕೆಳಗೆ ನೋಡಿದೆ. ಈ ಕುರ್ಚಿಯ ಮೇಲೆ ನಿಂತೇ ಆ ಮನೆಯ ಫೋಟೋಕ್ಕೆ ಮೊಳೆ ಹೊಡೆದಿದ್ದೆ. ಹೆಂಡತಿ ಫೋನನ್ನು ನನ್ನ ಬಾಯಿಯ ಹತ್ತಿರಕ್ಕೆ ಎತ್ತಿ ಹಿಡಿದಳು. "ಇಲ್ಲೇ ಇತ್ತ್ ಅತ್ತೆ, ಜೋಪಾನವಾಗಿ" ಎಂದೆ. ನಾಚಿಕೆಯಿಂದ ನನಗೆ ಇಳಿಯಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಮೂರು ಕಡೆ ರೈಲು ಬದಲಿಸಿ ಅಪ್ಪ ಅದನ್ನು ಹೇಗೆ ತಂದನೋ! ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಮಾಷ್ಟ್ರಿಗೆ ನಿಜ ಬರೆದೆ. ಅವರು ದೊಡ್ಡ ಮನಸ್ಸಿನವರು, "ಮನೆ ಇಲ್ಲದಿದ್ರೂ ಅಡ್ಡಿಯಿಲ್ಲ, ಕುರ್ಚಿಯದ್ದೇ ಫೋಟೋ ಕಳಿಸಿ, ಪುಟ ಕೊಡುವ. ಕೈಗಳು ಸರಿಯಾಗಿ ಕಾಣ್ಲಿ" ಎಂದು ಉತ್ತರಿಸಿದರು. ಆ ಸಂದೇಶಕ್ಕೆ ಏನು ಬರೆಯಬೇಕೆಂದು ತೋಚದೆ ಕೂತಿದ್ದೇನೆ. ಕೂತಿದ್ದೇನೆ ಎಂದರೆ, ನೆಲದ ಮೇಲೆ. ಆ ಕುರ್ಚಿಯನ್ನು ಇನ್ನು ಯಾರೂ ಹತ್ತಬಾರದೆಂದು ಹೆಂಡತಿಯ ಕಟ್ಟಪ್ಪಣೆಯಾಗಿದೆ. ಫೋಟೋವನ್ನು ಮತ್ತೆ ಗೋಡೆಗೆ ಹಾಕೋಣವೆಂದರೆ ಮನೆಯಲ್ಲಿ ಹತ್ತಲು ಬೇರೇನೂ ಇಲ್ಲ. ಹೀಗಾಗಿ ಸದ್ಯಕ್ಕೆ ಡಾಕ್ಟರ ಮನೆಯೇ ನಮ್ಮ ಕುರ್ಚಿಯಲ್ಲಿ ಕೂತಿದೆ.