ಸೊನ್ನೆ ನೋಡೋ ಪೆಟ್ಟಿಗೆ

ಚನ್ನಗಿರಿ ಬಸ್ ಸ್ಟ್ಯಾಂಡ್ ಹಿಂದುಗಡೆ ನನ್ನದೊಂದು ರಿಪೇರಿ ಅಂಗಡಿ ಐತೆ. ಮಿಕ್ಸಿ, ಫ್ಯಾನು, ಪಂಪಿನ ಸ್ಟಾರ್ಟರು, ಏನು ತಂದ್ರೂ ಬಿಚ್ಚತೀನಿ. ಬಿಚ್ಚಿದ್ದನ್ನೆಲ್ಲ ಮುಚ್ಚಿದೀನಿ ಅಂತ ಆಣೆ ಮಾಡಲಾರೆ. ಕರೆಂಟು ಕಣ್ಣಿಗೆ ಕಾಣಲ್ಲ ನೋಡ್ರಿ, ಅದಕ್ಕೇ ಅದರ ಬಗ್ಗೆ ಮಾತಾಡಾಕೆ ಎಲ್ಲರಿಗೂ ಭಾರಿ ಧೈರ್ಯ. ಹಂಗಾಗಿ ನಗಾಕೆ ನಾನು ಅಂಗಡಿ ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲ. ಹೋದರೆ ಅಲ್ಲೂ ಜನ ನಗಿಸದೆ ಬಿಡಲ್ಲ.

ಬೆಂದ ಮೊಟ್ಟೆ

ಕೆರೆಬಿಳಚಿಯಲ್ಲಿ ಒಬ್ಬರು ಅಕ್ಕ, ನಾವೆಲ್ಲ ಆಪಾ ಅಂತೀವಿ, ಮನೆಯಲ್ಲೇ ನಾಟಿ ಕೋಳಿ ಮರಿ ಮಾಡಿಸಾಕೆ ಹೊರಟರು. ತಮ್ಮ ಅತ್ತೆ ಹೊದಿಯೋ ಕೌದಿ ಇಡ್ತಿದ್ದ ಮರದ ಬೀರು ಖಾಲಿ ಮಾಡಿಸಿ, ಒಳಗೆ ಹಳೇ ನಮೂನಿ ಬಲ್ಬು ಹಾಕಿ, ಮೊಟ್ಟೆ ಜೋಡಿಸಿದರು. ಕಾವು ಹೆಚ್ಚಾದರೆ ಬಲ್ಬು ಆರಿಸಾಕೆ, ಕಡಿಮೆಯಾದರೆ ಹಚ್ಚಾಕೆ ಒಂದು ರಿಲೇ. ಅದು ದಿನವಿಡೀ ಟಕ್ ಟಕ್ ಅಂತ ಕಿಡಿ ಹಾರಿಸಿ, ಕೊನೆಗೆ ಒಂದು ದಿನ ಒಳಗೇ ಅಂಟಿಕೊಂಡುಬಿಡ್ತು. ಬಲ್ಬು ಆರಲೇ ಇಲ್ಲ.

ನಾನು ನೋಡಾಕೆ ಹೋದಾಗ ಅತ್ತೆ ಸೊಸೆ ಮುಂದೇನೇ ಹೇಳಿದರು: "ಮರಿ ಕೊಡ್ತೀನಿ ಅಂದ್ಲು, ಬೆಂದ ಮೊಟ್ಟೆ ಕೊಟ್ಲು. ಇನ್ನೊಂದು ಸರ್ತಿ ಹಿಂಗಾದ್ರೆ ನನ್ನ ಬೀರು ನನಗೆ ವಾಪಸ್ ಬೇಕು."

ಆಪಾ ಮುಖ ಸಪ್ಪಗಾಯ್ತು. ಅದನ್ನ ನೋಡಲಾರದೆ "ಕಿಡಿನೇ ಹಾರದ ಸ್ವಿಚ್ಚು ಮಾಡಿಕೊಡ್ತೀನಿ" ಅಂದುಬಿಟ್ಟೆ. ಮನೆ ಕರೆಂಟು ಜೋಕಾಲಿ ತೂಗಿದಂಗೆ ಆ ಕಡೆ ಈ ಕಡೆ ತೂಗ್ತಿರ್ತೈತೆ. ತಿರುಗೋ ಗಳಿಗೆಯಲ್ಲಿ ಒಂದು ಕ್ಷಣ ಸೊನ್ನೆ. ಆ ಸೊನ್ನೆ ನೋಡಿಕೊಂಡು ಹಚ್ಚಿದರೆ ಬಲ್ಬಿಗೂ ಏಟಿಲ್ಲ, ಸ್ವಿಚ್ಚಿಗೂ ಏಟಿಲ್ಲ. ಒಳಗೆ ಅಲ್ಲಾಡೋ ಭಾಗವೇ ಇಲ್ಲ, ಕರೆಂಟು ಬಿಡೋ, ತಡೆಯೋ ಉಗುರಿನಷ್ಟು ಸೆಮಿಕಂಡಕ್ಟರ್ ಚೂರು ಅಷ್ಟೇ. ಸೊನ್ನೆ ಸರಿಯಾಗಿ ಕಾಣ್ತಿರೋ ತನಕ ಸ್ವಿಚ್ಚಿನ ಪೆಟ್ಟಿಗೆ ಮೇಲೆ ಹಸಿರು ದೀಪ ಉರೀತೈತೆ. ಇಷ್ಟನ್ನೂ ಬಿಡಿಸಿ ಹೇಳಿದೆ.

ಅತ್ತೆ ಕೇಳಿದರು: "ಕರೆಂಟು ಇಲ್ಲದಾಗ ನೋಡಿ ಹಚ್ಚಾಕೆ ಇಷ್ಟೆಲ್ಲ ಯಾಕಪ್ಪಾ? ಮೇಣದಬತ್ತಿ ಸಾಲ್ದಾ?"

ಜೋಪಾನ ಮಾಡಿದ ಬಲ್ಬು

ಆಪಾ ಮೊಟ್ಟೆ ಮೇಲೇ ಪ್ರಯೋಗ ಮಾಡೋ ಧೈರ್ಯ ನನಗಿರಲಿಲ್ಲ. ಮೊದಲು ಬೇರೆ ಕಡೆ ಇಟ್ಟು ನೋಡೋಣ ಅಂತ ಹೊನ್ನಾಳಿಯಲ್ಲಿ ಟೀ ಹೋಟೆಲ್ ನಡೆಸೋ ನಮ್ಮ ಭಾವನ ಹತ್ರ ಒಯ್ದೆ. ಒಂದು ಬಲ್ಬಿಗೆ ಹೋಗೋ ತಂತಿಯ ನಡುವೆ ಪೆಟ್ಟಿಗೆ ಕೂರಿಸಿ, ಹಸಿರು ದೀಪ ತೋರಿಸಿ, "ಇದನ್ನ ಯಾರೂ ಮುಟ್ಟಬಾರದು" ಅಂತ ಹೇಳಿ ಬಂದೆ.

ಮಾರನೇ ದಿನವೇ ಫೋನು. "ನಿನ್ನ ಹಸಿರು ದೀಪ ಸತ್ತೈತೆ ಮಾರಾಯ."

ಓಡಿದೆ. ಪೆಟ್ಟಿಗೆ ಬಿಚ್ಚಿದೆ, ಎಲ್ಲ ಸರಿ ಐತೆ. ತಲೆ ಕೆರಕೊಂಡು ಮೇಲೆ ನೋಡಿದರೆ ಹೋಲ್ಡರಿನಲ್ಲಿ ಬಲ್ಬೇ ಇಲ್ಲ. ನನ್ನ ಪೆಟ್ಟಿಗೆಗೆ ಸೊನ್ನೆ ಕಾಣೋದೇ ಬಲ್ಬಿನ ಮೂಲಕ. ಬಲ್ಬು ತೆಗೆದರೆ ಅದು ಕುರುಡು.

"ಬಲ್ಬು ಎಲ್ಲಿ ಭಾವ?"

ಭಾವ ಸಕ್ಕರೆ ಡಬ್ಬಿಯಿಂದ ಬಟ್ಟೆ ಸುತ್ತಿದ ಬಲ್ಬು ತೆಗೆದು ತೋರಿಸಿದ. "ಪ್ರಯೋಗ ಅಂದ್ಯಲ್ಲ. ಪೆಟ್ಟಿಗೆ ಸುಟ್ರೆ ನಿಂದು, ಬಲ್ಬು ಸುಟ್ರೆ ನಂದಲ್ವಾ?"

ಅಮ್ಮನ ಕನ್ನಡಕ

ನ್ಯಾಮತಿಯಲ್ಲಿ ನನ್ನ ಗೆಳೆಯನೊಬ್ಬ ವೈರಿಂಗ್ ಕೆಲಸ ಮಾಡ್ತಾನೆ. ಪೆಟ್ಟಿಗೆ ನೋಡಿ, "ಇದನ್ನ ಕರೆಂಟು ಬರೋ ತಂತಿಗೇ ಯಾಕೆ ಹಾಕ್ತೀಯ? ವಾಪಸ್ ಹೋಗೋ ನ್ಯೂಟ್ರಲ್‌ಗೆ ಹಾಕು, ಮಾಡಾಕೆ ಸಲೀಸು. ಆರಿದ್ರೆ ಆತಲ್ಲ" ಅಂದ.

"ಬಲ್ಬು ಆರಿದ್ರೂ ಅದರ ಬುಡದಲ್ಲಿ ಕರೆಂಟು ಕೂತಿರ್ತೈತಲ್ಲೋ. ಆಪಾ ಬಲ್ಬು ಬದಲಾಯಿಸಾಕೆ ಕೈ ಹಾಕಿದ್ರೆ ಏನು ಗತಿ?"

"ನಮ್ಮನೆ ತುಂಬ ಹಂಗೇ ಐತೆ, ಏನಾಗೈತೆ ಬಾ ನೋಡು" ಅಂತ ಕರಕೊಂಡು ಹೋದ. ಕತ್ತಲೆ ಕೋಣೆಯ ಸ್ವಿಚ್ಚು ಆರಿಸಿದ. ಎಲ್‌ಇಡಿ ಬಲ್ಬು ಆರಲಿಲ್ಲ, ಮಸುಕಾಗಿ ಉರೀತಾನೇ ಇತ್ತು. ಗೆಳೆಯ ಇನ್ನೊಂದು ಸರ್ತಿ ಹಾಕಿ ಆರಿಸಿ ನೋಡಿದ, ಹಂಗೇ.

ಅಡುಗೆಮನೆಯಿಂದ ಅವನ ತಾಯಿ ಕೂಗಿದರು: "ಅದನ್ನೇನಾದ್ರೂ ರಿಪೇರಿ ಮಾಡೀರಿ, ಹುಷಾರು. ಆ ಬೆಳಕಿಗೇ ನನ್ನ ಕನ್ನಡಕ ಸಿಗೋದು."

ಅವತ್ತೇ ಇಬ್ಬರೂ ಕೂತು ಸ್ವಿಚ್ಚುಗಳನ್ನ ಬರೋ ತಂತಿಗೆ ಬದಲಾಯಿಸಿದ್ವಿ. ಆ ತಾಯಿ ಇವತ್ತಿಗೂ ನನಗೆ ಸಕ್ಕರೆ ಹಾಕದ ಟೀ ಕೊಡ್ತಾರೆ.

ಘಾಟು

ಆಮೇಲೆ ಪೆಟ್ಟಿಗೆಯನ್ನ ಜಗಳೂರಿನ ಒಂದು ಖಾರದಪುಡಿ ಗಿರಣಿಯಲ್ಲಿ ಇಟ್ಟು ನೋಡಿದೆ. ಮೋಟಾರು ಶುರುವಾದರೆ ಸಾಕು, ಪೆಟ್ಟಿಗೆಯ ಹಸಿರು ದೀಪ ಪಟಪಟ ಅಂತ ಕಣ್ಣು ಹೊಡೀತಿತ್ತು, ಬಲ್ಬೂ ಅದರ ಜೊತೆ ಕುಣೀತಿತ್ತು. ಮೋಟಾರಿನ ಗಲಾಟೆ ತಂತಿಯೊಳಗೂ ಹೊಕ್ಕು, ಇಲ್ಲದ ಸೊನ್ನೆಗಳನ್ನ ತೋರಿಸ್ತಿತ್ತು. ಒಂದು ಸೊನ್ನೆ ಕಂಡ ಮೇಲೆ ಮುಂದಿನದು ಬರೋ ಹೊತ್ತಾಗೋವರೆಗೂ ಕಣ್ಣು ಮುಚ್ಚಿಕೊಂಡಿರು ಅಂತ ಪೆಟ್ಟಿಗೆಗೆ ಕಲಿಸಬೇಕಾಯ್ತು. ಅದಕ್ಕೇ ಕೂತೆ.

ಗಿರಣಿ ಯಜಮಾನರು ಮಾತ್ರ, "ಘಾಟು ಬಡಿದೈತೆ ಕಣ್ರೀ, ಹೊಸಬರಿಗೆಲ್ಲ ಹಿಂಗೇ" ಅಂತ ಹಸಿರು ದೀಪ ಒಂದು ಬಿಟ್ಟು ಪೆಟ್ಟಿಗೆಗೆ ತಮ್ಮ ಟವೆಲ್ ಬಿಗಿದು ಕಟ್ಟಿದರು. ಅಷ್ಟೊತ್ತಿಗೆ ನನ್ನ ಕೆಲಸವೂ ಮುಗಿದಿತ್ತು. ಮೋಟಾರು ಹಾಕಿದರು. ದೀಪ ಅಲ್ಲಾಡಲಿಲ್ಲ.

"ನೋಡಿದ್ರಾ?" ಅಂದರು. ನಾನು ಆ ಟವೆಲ್ ಸಮೇತ ಕೆರೆಬಿಳಚಿಗೆ ಹೋಗಬೇಕಾಯ್ತು, ಬಿಚ್ಚಾಕೆ ಬಿಡಲಿಲ್ಲ.

ಪೂರ್ತಿ ಸೊನ್ನೆ

ಆಪಾ ಹೊಸ ಮೊಟ್ಟೆ ಇಟ್ಟರು. ಅತ್ತೆ ಬೀರು ಮುಂದೆ ಮಣೆ ಹಾಕ್ಕೊಂಡು ಹಸಿರು ದೀಪ ಕಾಯಾಕೆ ಕೂತರು. ತಪ್ಪು ಹಿಡಿಯಾಕೆ ಅಂತ ನನಗೂ ಗೊತ್ತು, ಆಪಾಗೂ ಗೊತ್ತು. ಪೆಟ್ಟಿಗೆ ಒಂದು ತಪ್ಪೂ ಮಾಡಲಿಲ್ಲ. ಇನ್ನೇನು ಮರಿ ಬರಬೇಕು, ಅಷ್ಟರಲ್ಲಿ ಒಂದು ಮಧ್ಯಾಹ್ನ ಗಾಳಿ ಮಳೆ ಎದ್ದಿತು. ಅತ್ತೆ ಫೋನು ಬಂತು.

"ಏನಪ್ಪಾ, ನಿನ್ನ ದೀಪ ಹೋತು."

"ಅಮ್ಮಾ, ಕರೆಂಟೇ ಹೋಗೈತೆ."

"ಅದೇ ಕೇಳ್ತಿರೋದು. ಸೊನ್ನೆ ಬಂದಾಗ ಹಚ್ತೈತೆ ಅಂದಿದ್ದೆ. ಈಗ ಪೂರ್ತಿ ಸೊನ್ನೆನೇ ಬಂದೈತಲ್ಲ, ಯಾಕೆ ಹಚ್ಚವಲ್ದು?"

"ಬಂದೆ ಇರ್ರಿ" ಅಂದೆ. ಅಂಗಡಿಯ ಇನ್ವರ್ಟರೂ ಬ್ಯಾಟರಿಯೂ ಬೈಕಿಗೆ ಕಟ್ಟಿಕೊಂಡು ಹೊರಟರೆ ದಾರಿಗೆ ಅಡ್ಡ ಮರ ಬಿದ್ದಿತ್ತು. ಸುತ್ತು ಹಾಕಿ ಹೋಗೋ ಹೊತ್ತಿಗೆ ಸಂಜೆ. ಮೊಟ್ಟೆ ತಣ್ಣಗಾಗಿರ್ತಾವೆ, ಆಪಾಗೆ ಏನು ಮುಖ ತೋರಿಸಲಿ ಅಂತಾನೇ ಬಾಗಿಲು ತಟ್ಟಿದೆ.

ಒಳಗೆ ಹೋದರೆ ಬೀರು ಕಾಣಿಸ್ತಿಲ್ಲ. ಮನೆಯಲ್ಲಿದ್ದ ಕೌದಿಯೆಲ್ಲ ಅದರ ಮೇಲೆ. ಗಾಳಿಯಾಡಲಿ ಅಂತ ಒಂದು ಮೂಲೆ ಬಿಟ್ಟಿದ್ದರು. ಅತ್ತೆ ಅದಕ್ಕೇ ಬೆನ್ನು ಕೊಟ್ಟು ಕೂತಿದ್ದರು. "ಶ್" ಅಂದರು. ಕೌದಿಯೊಳಗಿಂದ ಚಿಂವ್ ಅಂತು.

ಆಪಾ ಕಣ್ಣೊರೆಸಿಕೊಂಡು ನಕ್ಕರು. ನನಗೂ ಜೀವ ಬಂತು.

ಕರೆಂಟು ಬಂತು, ಹಸಿರು ದೀಪ ಹತ್ತಿತು, ಮರಿಗಳು ಒಂದೊಂದಾಗಿ ಹೊರಗೆ ಬಂದವು. ಬಂದ ಮರಿಗಳು ಯಾವ ಬುಟ್ಟಿಯಲ್ಲೂ ನಿಲ್ಲಲೊಲ್ಲವು, ಅತ್ತೆಯ ಕೌದಿನೇ ಬೇಕು. ಇರೋದರಲ್ಲಿ ಚಂದದ್ದನ್ನೇ ಆರಿಸಿಕೊಂಡು, ಅದರ ಮೇಲೇ ಎಲ್ಲ ಕಾರ್ಯಕ್ರಮ ಮುಗಿಸ್ತಿದ್ದವು.

"ಬೀರೂ ಹೋತು, ಕೌದಿನೂ ಹೋತು" ಅಂದರು ಅತ್ತೆ. ಆಪಾ ಗಡಿಬಿಡಿಯಲ್ಲಿ ಮರಿಗಳನ್ನ ಬುಟ್ಟಿಗೆ ತುಂಬಾಕೆ ಹೋದರು.

ಅವರು ಒಂದು ಮರಿಯನ್ನ ಅಂಗೈಯಲ್ಲಿ ಎತ್ತಿಕೊಂಡು ಸೊಸೆನ ಮಗಳನ್ನ ಕರೆದಂಗೆ ಕರೆದರು. "ಬೇಟಿ, ಮುಂದಿನ ಸರ್ತಿ ಮೊಟ್ಟೆ ಜಾಸ್ತಿ ಇಡು. ಟ್ರಂಕಿನಾಗೆ ಇನ್ನೊಂದು ಕೌದಿ ಐತೆ."