ಕೆಚ್ಚಲಿನ ಮುಲಾಮು

ಜಂತುಹುಳದ ಪುಡಿಗೆ ಪೊಟ್ಟಣ ಕಟ್ಟುತ್ತಿದ್ದ ನಾಗಶ್ರೀಯ ಕೈ ಡಾಕ್ಟರ್ ಶಿವಾನಂದರ ಮಾತು ಕೇಳಿ ಅರ್ಧಕ್ಕೇ ನಿಂತಿತು.

“ಹದಿನೈದು ದಿನದ ಹಿಂದೆ ನೀನು ಮೂವತ್ತು ಡಬ್ಬಿ ಮುಲಾಮು ಕೊಟ್ಟಿದ್ಯಲ್ಲ? ಎಷ್ಟು ಆಕಳ ಕೆಚ್ಚಲು ಗುಣ ಆಯ್ತು, ಮನೆಮನೆಗೆ ಹೋಗಿ ಬರ್ಕಂಡು ಬಾ. ಸಂಜೆ ಶಿಫಾರಸು ಪತ್ರ ಕೊಡ್ತೆ.”

ಕಾರವಾರದಲ್ಲಿ ಫಾರ್ಮಸಿ ಓದುವ ನಾಗಶ್ರೀ ಅಂಕೋಲೆ ಬಳಿಯ ಈ ಸಣ್ಣ ಪಶು ಆಸ್ಪತ್ರೆಗೆ ತರಬೇತಿಗೆ ಬಂದಿದ್ದಳು. ಪತ್ರ ಒಳ್ಳೆಯದಾದರೆ ಪಶು ಔಷಧದ ಕಂಪನಿಯಲ್ಲಿ ಕೆಲಸ; ಇಲ್ಲದಿದ್ದರೆ ಸೋದರಮಾವ ದೇವಿದಾಸನ ಮೆಡಿಕಲ್ ಶಾಪಿನಲ್ಲಿ ಜನ್ಮವಿಡೀ ಕೆಮ್ಮಿನ ಸಿರಪ್ಪು. “ದನದ ಔಷಧ ಕೊಡೂ ಹುಡುಗಿನ ಯಾರು ಕೇಳ್ಕಂಡು ಬತ್ರು?” ಎಂಬುದು ತಾಯಿ ಜಯಂತಿಯ ಚಿಂತೆ.

ಮೊದಲ ಮನೆ ಸುಕ್ರಿಯದು. ಡಬ್ಬಿ ಕೊಡುವಾಗ ಆಕಳ ಹೆಸರು ಬರೆದುಕೊಂಡಿದ್ದ ಪುಸ್ತಕ ನೋಡಿ ನಾಗಶ್ರೀ ಕೇಳಿದಳು, “ಗೌರಿ ಹೆಂಗಿದ್ದಾಳೆ?”

“ಎಂತಾ ಹೇಳೂದು ಅಕ್ಕೋರೆ! ಎಂಟೇ ದಿವ್ಸಕ್ಕೆ ಬೆಣ್ಣೆ ಆದಂಗೆ ಆಯ್ತು.”

ರೂಪಾಳ ಮನೆಯಲ್ಲೂ ಗುಣ. ಹದಿನೈದು ಮನೆಗಳಲ್ಲೂ ಗುಣ. ನಾಗಶ್ರೀಯ ಪೆನ್ನು ಹಗ್ಗ ಬಿಚ್ಚಿದ ಕರುವಿನಂತೆ ಓಡಿತು. ಹದಿನಾರನೆಯ ಮನೆಯಲ್ಲಿ ವರದಿಗೊಂದು ಆಕಳ ಫೋಟೊ ಇರಲಿ ಎನಿಸಿತು.

“ತಿಮ್ಮಕ್ಕ, ಗಂಗೆನ ಸ್ವಲ್ಪ ಹೊರಗೆ ಕಟ್ತ್ರಾ?”

“ಕಟ್ಟೂದಾ? ಅವಳು ನನ್ನ ಸೊಸೆ! ಏ ಗಂಗೆ, ಅಕ್ಕೋರಿಗೆ ಕಾಲು ತೋರ್ಸೆ.”

ಸೊಸೆ ನಾಚುತ್ತ ಹಿಮ್ಮಡಿ ಎತ್ತಿದಳು. ಸುಲಿದ ಮೊಟ್ಟೆಯ ಹಾಗೆ ಹೊಳೆಯುತ್ತಿತ್ತು.

“ಗದ್ದೆ ಕೆಸ್ರಿಗೆ ಒಡ್ದು ರಕ್ತ ಬತ್ತಿತ್ತು. ಪೇಟೆ ಕ್ರೀಮೆಲ್ಲ ಹಚ್ಚಿ ಸಾಕಾಯ್ತು.”

“ಆಕಳಿಗೆ ಅಂತ ತಕಂಡು ಬಂದ್ರಲ್ಲ!”

“ಆಕಳಿಲ್ಲ ಅಂದಿದ್ರೆ ನೀವು ಕೊಡ್ತಿದ್ರಾ?”

ಅಷ್ಟರಲ್ಲಿ ಕೇರಿಯೇ ನೆರೆಯಿತು. ರೂಪಾ ಒಂದು ಕಾಲು ತೋರಿಸಿದಳು, ಸುಕ್ರಿ ತನ್ನ ಮಗಳು ಗೌರಿಯ ಎರಡನ್ನೂ ತೋರಿಸಿ ಹೇಳಿದಳು,

“ಗುಣ ಅಂದ್ರೆ ಗುಣವೇ ಅಕ್ಕೋರೆ. ಕಾಲು ಎರಡಾದ್ರೆಂತಾ, ನಾಕಾದ್ರೆಂತಾ? ಬರ್ಕಳಿ. ಮತ್ತೊಂದು ಡಬ್ಬಿ ಇದ್ಯಾ?”

ಸುಳ್ಳು ಬರೆದರೆ ಕೇಳುವವರಿರಲಿಲ್ಲ. ಆದರೂ ನಾಗಶ್ರೀ ಉಳಿದ ಮನೆಗಳನ್ನೂ ಸುತ್ತಿ, ಗದ್ದೆಯ ಬದುವಿನಲ್ಲಿ ಕೂತು, ಬರೆದದ್ದನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಬರೆದಳು: ‘ಡಬ್ಬಿ ಮೂವತ್ತು. ಆಕಳು ನಾಲ್ಕು. ಹಿಮ್ಮಡಿ ಐವತ್ತೆರಡು.’

ಓದಿದ ಡಾಕ್ಟರು ಬಯ್ಯಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇಷ್ಟು ಖರೆ ವರದಿ ನಾನು ನೋಡಿದ್ದೇ ಇಲ್ಲ ಮಾರಾಯ್ತಿ,” ಎಂದು ಅಲ್ಲೇ ಪತ್ರ ಬರೆದು, ಸಹಿ ಮಾಡಿ, ಮೊಹರು ಒತ್ತಿಕೊಟ್ಟರು.

ನಾಗಶ್ರೀ ಅದನ್ನು ಬಿಚ್ಚಿದ್ದು ಬಸ್‌ಸ್ಟ್ಯಾಂಡಿನಲ್ಲಿ. ‘ಜನರು ಬಾಯಿಬಿಟ್ಟು ಹೇಳದ ಕಾಯಿಲೆಗೂ ಈಕೆಯ ಕೈಯಲ್ಲಿ ಮದ್ದಿದೆ. ಮನುಷ್ಯರ ಮೆಡಿಕಲ್ ಶಾಪಿಗೆ ಇವಳಷ್ಟು ಯೋಗ್ಯರು ಸಿಗುವುದು ಕಷ್ಟ.’

ಜಯಂತಿಯ ಫೋನು ಬಂತು. “ಪತ್ರ ಸಿಕ್ತಾ? ಎಂತಾ ಬರ್ದಿದ್ದಾರೆ?”

“ಚಲೋ ಬರ್ದಿದ್ದಾರೆ ಅಮ್ಮ.”

ನಾಗಶ್ರೀ ಪತ್ರವನ್ನು ಚೀಲದ ತಳಕ್ಕೆ ತುರುಕಿದಳು. ಸೋಮವಾರ ರಾಮನಗುಳಿ ಕಡೆಗೆ ಹೋಗಿ, ಅಲ್ಲಿಯ ಪಶು ವೈದ್ಯರ ಕೈಕೆಳಗೆ ಇನ್ನೊಂದು ತಿಂಗಳ ತರಬೇತಿ, ಇನ್ನೊಂದು ಪತ್ರ ಕೇಳುವುದು. ಈ ಸಲ ಮೊದಲು ಕೊಟ್ಟಿಗೆಗೆ ಹೋಗಿ ಆಕಳು ಇದೆಯೇ ನೋಡಿ, ಆಮೇಲೆ ಡಬ್ಬಿ ತೆಗೆಯುವುದು. ಕಾರವಾರದ ಬಸ್ಸು ಬಂತು. ಏನೂ ಆಗದವಳಂತೆ ಹತ್ತಿ ಕೂತಳು.