ಘಟ್ಟದ ಗಾಡಿಗೆ ಹಡಗಿನ ಕಾಯಿದೆ

ಮೇ ಹದಿನೇಳು, ಬೆಳಗಿನ ಆರು ಗಂಟೆ, ಗಾಡಿಗೆ ಕಾಫಿ ಹೇರುವ ಹೊತ್ತು. ಹಡಗಿನ ಕಾಯಿದೆ ಬಲ್ಲವಳು ಸಮುದ್ರವಿಲ್ಲದ ಊರಿನಲ್ಲಿ ನೆಲೆಸಿದರೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ನನ್ನ ತಂದೆ ಮಂಗಳೂರಿನಲ್ಲಿ ಹಡಗಿನ ದಾವೆಗಳ ವಕೀಲರಾಗಿದ್ದರು. ಅವರ ಪುಸ್ತಕಗಳನ್ನು ನಾನು ಅವರಿಗಿಂತ ಹೆಚ್ಚು ಓದಿದ್ದೆ.

ಮಳೆಗಾಲಕ್ಕೆ ಹಾಯಿಹಡಗುಗಳ ಸಂಚಾರವನ್ನು ಸರ್ಕಾರ ನಿಲ್ಲಿಸುತ್ತದೆ. ಕೊನೆಯ ಹಡಗು ಹೊರಡುವುದರೊಳಗೆ ಜಾವಳಿಯ ನಮ್ಮ ತೋಟದ ಕಾಫಿ ಮಂಗಳೂರಿನ ಬಂದರು ಸೇರಬೇಕು. ತಪ್ಪಿದರೆ ವರ್ಷದ ಬೆಳೆಗೆ ಬೂಸ್ಟು. ಕುಳಿತಲ್ಲಿ ಕೂರಲಾರದೆ ನಾನೇ ಹೊರಟೆ. ಬಂದರಿನ ಅಧಿಕಾರಿ ತಕರಾರೆತ್ತಿದರೆ ಇರಲೆಂದು ತಂದೆಯ ಪುಸ್ತಕಗಳ ಪೆಟ್ಟಿಗೆಯನ್ನೂ ಗಾಡಿಗೆ ಹಾಕಲು ಹೇಳಿದೆ.

ಗೆರೆ

ಎತ್ತಿನ ಗಾಡಿ ಹೊಡೆಯುವ ಸಾಹೇಬರು ಮಿತಿಮೀರಿ ಹೇರುವವರು. ಹಿಂದಿನ ದಿನ ಅವರಿಗೆ ತಿಳಿಹೇಳಿದ್ದೆ: "ಹಡಗಿನ ಪಕ್ಕೆಗೆ ಒಂದು ಗೆರೆ ಇರುತ್ತದೆ. ಅದು ನೀರಿನಲ್ಲಿ ಮುಳುಗುವಷ್ಟು ಹೇರಿದರೆ ಅಪರಾಧ."

ಬೆಳಗ್ಗೆ ನೋಡಿದರೆ ಗಾಡಿಯ ಚಕ್ರಕ್ಕೆ ಸಾಹೇಬರು ಸುಣ್ಣದ ಗೆರೆ ಎಳೆದಿದ್ದರು. ಒಂದು ಮೂಟೆಯೂ ಏರಿರಲಿಲ್ಲ. ಗೆರೆ ಆಗಲೇ ಕೆಸರಿನೊಳಗಿತ್ತು.

"ಅಮ್ಮಾವ್ರೇ, ಖಾಲಿ ಗಾಡೀನೇ ಅಪರಾಧ ಮಾಡಿಬಿಡ್ತಲ್ಲ!"

ಗೆರೆಯನ್ನು ಮೇಲಕ್ಕೆ ಎಳೆಸಿದೆ. ಹಡಗಿನ ಒಡೆಯರೂ ಹಾಗೆಯೇ ಮಾಡುತ್ತಾರೆಂದು ಕೇಳಿದ್ದೇನೆ.

ಕಪ್ತಾನ

ದಾರಿಯುದ್ದಕ್ಕೂ ಸಾಹೇಬರಿಗೂ, ಜೊತೆಗೆ ಬಂದಿದ್ದ ನಮ್ಮ ತೋಟದ ಲೆಕ್ಕ ಬರೆಯುವ ರೈಟರಿಗೂ ಜಗಳ. ಇವರು ನಿಲ್ಲಿಸು ಎಂದರೆ ಅವರು ಓಡಿಸು ಎನ್ನುವರು. ಬೇಸತ್ತು ತೀರ್ಪು ಕೊಟ್ಟೆ: "ಹಡಗಿನಲ್ಲಿ ಕಪ್ತಾನನ ಮಾತೇ ಕೊನೆ. ಸರಕಿನ ಒಡೆಯನೂ ಬಾಯಿ ಹಾಕುವಂತಿಲ್ಲ."

ಕೊಟ್ಟಿಗೆಹಾರದಲ್ಲಿ ಒಂದು ಅಂಗಡಿಯ ಮುಂದೆ ಗಾಡಿ ನಿಂತಿತು. ಆಕಾಶ ಕಪ್ಪಾಗುತ್ತಿತ್ತು.

"ಸಾಹೇಬರೇ, ಹೊತ್ತಾಯಿತು!"

ಅಂಗಡಿಯೊಳಗಿನಿಂದ ಶಾಂತವಾದ ಉತ್ತರ: "ಕಪ್ತಾನ ಚಾ ಕುಡೀತಿದ್ದಾನೆ, ಅಮ್ಮಾವ್ರೇ."

ಬಿರುಗಾಳಿ

ಘಾಟಿ ಇಳಿಯುವಾಗ ಗಾಡಿಯ ಹಿಂದೆ ಮರದ ದಿಮ್ಮಿ ಕಟ್ಟುತ್ತಾರೆ. ಅದು ನೆಲಕ್ಕೆ ಉಜ್ಜಿ ಗಾಡಿಯನ್ನು ತಡೆಯುತ್ತದೆ. ತಿರುವಿನಲ್ಲಿ ಅದರ ಹಗ್ಗ ಹರಿಯಿತು. ಭಾರ ಎತ್ತುಗಳನ್ನು ದೂಡಿತು. ಒಂದು ಚಕ್ರ ಕಮರಿಯ ಅಂಚಿಗೆ ಬಂದು ಕಲ್ಲಿಗೆ ತಡೆದು ನಿಂತಿತು.

"ಭಾರ ಎಸೆಯಿರಿ!" ಎಂದು ಕೂಗಿದವಳು ನಾನೇ. "ಹಡಗು ಉಳಿಸಲು ಕಪ್ತಾನನಿಗೆ ಆ ಹಕ್ಕಿದೆ!"

ಸಾಹೇಬರು ತಡಮಾಡಲಿಲ್ಲ. ನನ್ನ ಪುಸ್ತಕಗಳ ಪೆಟ್ಟಿಗೆ ಕಮರಿಗೆ ಹೋಯಿತು. ಗಾಡಿ ರಸ್ತೆಗೆ ಬಂತು.

"ಅದು ನನ್ನ ತಂದೆಯ ಗ್ರಂಥಾಲಯ!"

"ಹಾಗಾದ್ರೆ ಕಾಫಿ ಎಸೀಬೇಕಿತ್ತಾ?"

ನಾನು ಸೆರಗು ಸರಿಪಡಿಸಿಕೊಂಡೆ. "ಕಾಯಿದೆಯಂತೆ, ಉಳಿದ ಸರಕಿನ ಒಡೆಯರೆಲ್ಲರೂ ಈ ನಷ್ಟವನ್ನು ಹಂಚಿಕೊಳ್ಳಬೇಕು."

"ಕಾಫಿ ಯಾರ್ದು?"

"ನನ್ನದು."

"ಮತ್ತೆ ಪುಸ್ತಕ?"

"ಅದೂ ನನ್ನದೇ."

ಸಾಹೇಬರ ಕಣ್ಣು ರೈಟರ ಮಡಿಲಿಗೆ ಹೋಯಿತು. ಅಲ್ಲೊಂದು ದೊಡ್ಡ ಹಲಸಿನ ಹಣ್ಣು. ಮಂಗಳೂರಿನಲ್ಲಿ ಹಲಸೇ ಸಿಗದೆಂಬಂತೆ ತಂಗಿಗೆಂದು ಒಯ್ಯುತ್ತಿದ್ದರು. ಗಾಡಿ ವಾಲಿದಾಗ ಅವರು ನನ್ನನ್ನು ಹಿಡಿದಿರಲಿಲ್ಲ, ಅದನ್ನು ಹಿಡಿದಿದ್ದರು.

"ಇದು ಸರಕಲ್ಲ ಮಾರಾಯ, ಹಣ್ಣು!"

"ಕಾಫಿನೂ ಹಣ್ಣೇ ಅಲ್ವಾ, ರೈಟರೇ?"

ರೈಟರು ನನ್ನತ್ತ ನೋಡಿದರು. ಕಾಯಿದೆಯಲ್ಲಿ ಹಲಸಿಗೆ ವಿನಾಯಿತಿ ಇಲ್ಲವೆಂದೆ. ಅಲ್ಲೇ ಕೊಯ್ದರು. ತೊಳೆ ಬಹಳ ಸಿಹಿಯಾಗಿತ್ತು. ರೈಟರು ತಮ್ಮ ಪಾಲನ್ನು ಅಳುಮುಖದಿಂದಲೇ ಮುಗಿಸಿದರು.

ಕಾಫಿ ಹಡಗು ಏರಿತು. ಬಂದರಿನ ಅಧಿಕಾರಿ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದೇ ನನಗೆ ಹೆಚ್ಚು ನೋವು.

ಹಿಂದಿರುಗುವಾಗ ಅದೇ ತಿರುವಿನಲ್ಲಿ ಸಾಹೇಬರು ಗಾಡಿ ನಿಲ್ಲಿಸಿದರು. "ಹಗ್ಗ ಬಿಟ್ಟು ಇಳಿದು ಪೆಟ್ಟಿಗೆ ತರ್ಲಾ, ಅಮ್ಮಾವ್ರೇ? ಮುಳುಗಿದ ಸರಕು ಎತ್ತಿದವ್ರಿಗೂ ಕಾಯಿದೇಲಿ ಏನೋ ಪಾಲು ಇರ್ಬೇಕಲ್ಲ?"

ಇತ್ತು. ಕೊಡಬೇಕಾದವಳು ನಾನೇ. ಪುಸ್ತಕಗಳನ್ನು ಅಲ್ಲಿಯೇ ಬಿಡಲು ನಿರ್ಧರಿಸಿದೆ.